ನೆಪ್ಚೂನಿಗೆ ಆ ನೀಲಿ ಬಂದುದೆಲ್ಲಿಂದ?

ನಾನು ಕಂಡ ಸೌರಮಂಡಲದ ಚಿತ್ರಪಟಗಳಲ್ಲೆಲ್ಲ ನೆಪ್ಚೂನ್ ಕಡುನೀಲಿಯ ಗೋಲ. ಪಕ್ಕದ ಯುರೇನಸ್‌ಗೆ ಪೇಲವ ಹಸಿರುನೀಲಿ. ಆದರೆ ಎರಡೂ ಗ್ರಹಗಳು ಬಹುಮಟ್ಟಿಗೆ ಒಂದೇ ಬಣ್ಣದವು ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿಕೊಟ್ಟರು. ಹಾಗಾದರೆ ಇಷ್ಟು ವರ್ಷ ನಾಸಾ ನಮಗೆ ಸುಳ್ಳು ಹೇಳಿತೇ?

ಉತ್ತರಿಸುವ ಮೊದಲು ಕ್ಯಾಮೆರಾದ ಒಳಹೊಕ್ಕು ನೋಡಬೇಕು. 1989ರ ಆಗಸ್ಟ್‌ನಲ್ಲಿ ನೆಪ್ಚೂನಿನ ಬಳಿ ಹಾದುಹೋದ ವಾಯೇಜರ್-2 ನೌಕೆಯ ಕ್ಯಾಮೆರಾಕ್ಕೆ ಬಣ್ಣವೆಂಬುದೇ ತಿಳಿಯದು. ಬೆಳಕು ಎಷ್ಟಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದರೊಳಗೊಂದು ತಿರುಗುವ ಚಕ್ರ. ಚಕ್ರದಲ್ಲಿ ನೇರಳೆ, ನೀಲಿ, ಹಸಿರು, ಕಿತ್ತಳೆ ಮುಂತಾದ ಫಿಲ್ಟರುಗಳು. ಒಂದೊಂದರ ಮೂಲಕ ಒಂದೊಂದು ಕಪ್ಪು-ಬಿಳುಪು ಚಿತ್ರ: 800 ಸಾಲು, ಸಾಲಿಗೆ 800 ಚುಕ್ಕೆ. ಚುಕ್ಕೆಗಳ ಹೊಳಪು ಅಂಕಿಗಳಾಗಿ, ರೇಡಿಯೊ ತರಂಗವನ್ನೇರಿ ನಾಲ್ಕು ಗಂಟೆಗೂ ಮಿಕ್ಕಿ ಪಯಣಿಸಿ ಭೂಮಿಗೆ ತಲುಪುತ್ತಿತ್ತು. ಇಲ್ಲಿ ಆ ಚಿತ್ರಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಕೊಟ್ಟು ಒಂದರ ಮೇಲೊಂದನ್ನು ಕೂರಿಸುತ್ತಿದ್ದರು. ಹಳೆಯ ಮುದ್ರಣಾಲಯಗಳಲ್ಲಿ ಕ್ಯಾಲೆಂಡರಿನ ದೇವರಿಗೆ ಬಣ್ಣದ ಮೇಲೆ ಬಣ್ಣ ಅಚ್ಚೊತ್ತುವುದನ್ನು ಕಂಡವರಿಗೆ ಈ ಕಸಬು ಹೊಸದಲ್ಲ. ಆದರೆ ಇಲ್ಲಿ ಒಂದು ಚಿತ್ರ ತೆಗೆದು ಇನ್ನೊಂದು ತೆಗೆಯುವಷ್ಟರಲ್ಲಿ ಗ್ರಹ ತುಸು ತಿರುಗಿರುತ್ತದೆ, ನೌಕೆಯೂ ಸರಿದಿರುತ್ತದೆ. ಸಾಲದ್ದಕ್ಕೆ ಆ ಕ್ಯಾಮೆರಾದಲ್ಲಿ ಕೆಂಪು ಫಿಲ್ಟರೇ ಇರಲಿಲ್ಲ. ಕೆಂಪಿನ ಸ್ಥಾನವನ್ನು ಕಿತ್ತಳೆಯೇ ತುಂಬಬೇಕಿತ್ತು.

ಯಾವ ಬಣ್ಣ ಎಷ್ಟಿರಬೇಕೆಂಬುದು ಕೊನೆಗೂ ಮನುಷ್ಯನ ತೀರ್ಮಾನ. ನೆಪ್ಚೂನಿನ ಮಾಸಲು ಮೋಡಗಳು, ಪಟ್ಟೆಗಳು, ಕಪ್ಪುಮಚ್ಚೆ ಸ್ಪಷ್ಟವಾಗಿ ಕಾಣಲೆಂದು ವಿಜ್ಞಾನಿಗಳು ಛಾಯೆಗಳ ಅಂತರವನ್ನು ಹಿಗ್ಗಿಸಿದರು, ನೀಲಿ ಗಾಢವಾಯಿತು. ಯುರೇನಸ್‌ನ 1986ರ ಚಿತ್ರ ನಿಜಬಣ್ಣಕ್ಕೆ ಹತ್ತಿರವೇ ಉಳಿಯಿತು. ಬಣ್ಣ ಹೆಚ್ಚಿಸಿದ್ದನ್ನು ಅವರೇನೂ ಬಚ್ಚಿಡಲಿಲ್ಲ, ಅಡಿಬರಹದಲ್ಲಿ ತಿಳಿಸಿಯೇ ಇದ್ದರು. ಚಿತ್ರ ಕೈಯಿಂದ ಕೈಗೆ ದಾಟುತ್ತ ಅಡಿಬರಹ ಉದುರಿಹೋಯಿತು. ನನ್ನ ತಕರಾರಿರುವುದು ಹಾಗೆ ಉದುರಿಸಿದವರ ಬಗ್ಗೆ; ಅವರಲ್ಲಿ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಸೇರಿವೆ. ಎಕ್ಸ್‌-ರೇ ಪಟದಲ್ಲಿ ಚರ್ಮ ಕಾಣಿಸದಿದ್ದರೆ ನಾವು ವಂಚನೆ ಎನ್ನುವುದಿಲ್ಲ. ಅದು ಎಂಥ ಚಿತ್ರವೆಂದು ನಮಗೆ ಮೊದಲೇ ಗೊತ್ತಿರುತ್ತದೆ.

ಇರ್ವಿನ್ ತಂಡ ಹಬಲ್ ದೂರದರ್ಶಕ ಹಾಗೂ ಚಿಲಿಯಲ್ಲಿರುವ ಯುರೋಪಿನ ಬೃಹತ್ ದೂರದರ್ಶಕದ ಅಳತೆಗಳನ್ನು ಬಳಸಿತು. ಅವುಗಳಲ್ಲಿ ಒಂದೊಂದು ಚುಕ್ಕೆಗೂ ಇಡೀ ವರ್ಣಪಟಲವೇ ದೊರಕುತ್ತದೆ. ಅದಕ್ಕೆ ತಾಳೆಹಾಕಿ ವಾಯೇಜರ್‌ನ ಹಳೆಯ ಚಿತ್ರಗಳನ್ನು ತಿದ್ದಲಾಯಿತು. ಎರಡೂ ಗ್ರಹಗಳ ಮೀಥೇನ್ ಕೆಂಪನ್ನು ಹೀರುವುದರಿಂದ ಎರಡೂ ತಿಳಿ ಹಸಿರುನೀಲಿ. ನೆಪ್ಚೂನ್ ಒಂದು ಎಳೆಯಷ್ಟು ಹೆಚ್ಚು ನೀಲಿ. ಅಲ್ಲಿನ ಮಬ್ಬಿನ ಪದರ ತೆಳುವಾಗಿರುವುದೇ ಕಾರಣವೆಂದು ಅವರ ವಿವರಣೆ.