ನಿಮಗಿದು ಗೊತ್ತೆ? ನೆರೆ ಬಂದರೆ ಪರ್ಮಿಟ್ ಅಡ್ಡಬಾರದು

ಅಮೆರಿಕದಲ್ಲಿ ಹಿಮಬಿರುಗಾಳಿಯ ಮುನ್ಸೂಚನೆ ಸಿಕ್ಕರೆ ತುರ್ತುಸ್ಥಿತಿ ಘೋಷಿಸಿ, ಪರಿಹಾರ ಸಾಮಗ್ರಿ ಸಾಗಿಸುವ ಲಾರಿ ಚಾಲಕರಿಗಿರುವ 11 ಗಂಟೆಯ ಚಾಲನಾ ಮಿತಿಯನ್ನು ಸಡಿಲಿಸುವುದುಂಟು. ಹಿಮ ಕಾಣದ ವಿಜಯನಗರ ಜಿಲ್ಲೆಗೂ ಇಂಥ ಸಡಿಲಿಕೆಗಳಿವೆ.

ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತದೆ. ಹೊಳೆ ಉಕ್ಕಿ ರಸ್ತೆ ಮುಳುಗಿತು ಎನ್ನಿ. ಲಾರಿಯೋ ಬಸ್ಸೋ ಪರ್ಮಿಟ್‌ನಲ್ಲಿಲ್ಲದ ಬೇರೆ ದಾರಿ ಹಿಡಿದು ಗುರಿ ಮುಟ್ಟಬಹುದು, ರಾಜ್ಯದ ಗಡಿ ದಾಟಿದರೂ ಸರಿ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಈ ವಿನಾಯಿತಿ ನೀಡಿದೆ.

ಇನ್ನೊಂದು ವಿಷಯವನ್ನು ರೈತರು ತಿಳಿದಿರಲೇಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಕ್ಷಣಾ ಕಾರ್ಯಕ್ಕೆ ಬೇಕಾದಾಗ ಪ್ರಾಧಿಕಾರ ಖಾಸಗಿ ವಾಹನಗಳನ್ನು ವಶಕ್ಕೆ ಪಡೆಯಬಹುದು. ಯಂತ್ರದಿಂದ ಓಡುವ ವಾಹನವೇ ಆಗಬೇಕೆಂದಿಲ್ಲ. ಟ್ರ್ಯಾಕ್ಟರ್ ಸರಿ, ಎತ್ತಿನ ಬಂಡಿಯೂ ಸರಿ. ಆದರೆ ಪುಕ್ಕಟೆ ಅಲ್ಲ! ಆ ಸೀಮೆಯಲ್ಲಿ ನಡೆಯುತ್ತಿರುವ ಬಾಡಿಗೆ ದರಕ್ಕೆ ತಕ್ಕ ಪರಿಹಾರವನ್ನು ಸರ್ಕಾರ ಕೊಡಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಮಾಲೀಕರು ಮಧ್ಯಸ್ಥಿಕೆ ಕೋರಬಹುದು. ಈ ಹಕ್ಕನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲೂ ಬರೆಸಬೇಕು.

ಕೂಡ್ಲಿಗಿ, ಕೊಟ್ಟೂರಿನ ಕಡೆ ನೆರೆಗಿಂತ ಬರದ ಕಾಟವೇ ಹೆಚ್ಚು. ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಬರವೂ ವಿಪತ್ತೇ.

ಬಿಸಿಲಿಗೂ ಪೂರ್ವಸಿದ್ಧತೆ ಉಂಟು. 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿ ಸೇರಿದಂತೆ ಈ ಐದೂ ತಾಲ್ಲೂಕುಗಳು ಒಳಪಡುವ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸಲಾಗಿತ್ತು.