ಕಿವಿಗೆ ಕೇಳಿಸದ ಬಾಳಿಕೆ

ಸ್ಟೀರಿಯೊ ಕೊಳ್ಳಲು ಹೋದವರು ಅಂಗಡಿಯಲ್ಲಿ ಎರಡು ಹಾಡು ಹಾಕಿಸಿ ಕೇಳುತ್ತಾರೆ, ಧ್ವನಿ ಹಿಡಿಸಿದರೆ ಹಣ ಕೊಟ್ಟು ಬರುತ್ತಾರೆ. ಆದರೆ ಇಂದು ಇಂಪಾಗಿ ಹಾಡುವ ಪೆಟ್ಟಿಗೆ ಹತ್ತು ವರ್ಷದ ಮೇಲೂ ಹಾಡೀತೇ ಎಂಬುದು ಕಿವಿಗೆ ತಿಳಿಯುವ ಸಂಗತಿಯಲ್ಲ. ಅದಕ್ಕೆ ಕಣ್ಣು ಬೇಕು, ಕೈ ಬೇಕು. ಅದು ಬಾಳಬೇಕಾದ ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೈದರಾಬಾದಿನ ಬೇಗಂಪೇಟೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯಾಡದ ಮರದ ಕಪಾಟಿನಲ್ಲಿ ಕೂರಿಸಿದ ಆಂಪ್ಲಿಫೈಯರ್‌ನ ಒಳಗೆ ಅದು ಇನ್ನೂ ಇಪ್ಪತ್ತು ಡಿಗ್ರಿ ಏರಬಹುದು. ಆ ಕಾವಿಗೆ ಮೊದಲು ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಈ ಪುಟ್ಟ ಅಲ್ಯೂಮಿನಿಯಂ ಡಬ್ಬಿಯೊಳಗೆ ದ್ರವದಲ್ಲಿ ನೆನೆಸಿದ ಕಾಗದದ ಸುರುಳಿ ಇರುತ್ತದೆ. ವರ್ಷ ಕಳೆದಂತೆ ದ್ರವ ರಬ್ಬರ್ ಬಿರಡೆಯಿಂದ ಸ್ವಲ್ಪಸ್ವಲ್ಪವೇ ಆರಿಹೋಗುತ್ತದೆ. ಎಂಜಿನಿಯರುಗಳ ಅಂದಾಜಿನಂತೆ ಕಾವು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧ, ಇಳಿದರೆ ಇಮ್ಮಡಿ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ನಮೂದಾದದ್ದು 65 ಡಿಗ್ರಿಯಲ್ಲಿ 32,000 ಗಂಟೆ ಬಂದೀತು. 85 ಡಿಗ್ರಿಗೆ ಅಷ್ಟೇ ಗಂಟೆ ನಮೂದಾದದ್ದು ಅದೇ ಕಾವಿನಲ್ಲಿ 8,000 ಗಂಟೆಗೇ ಮುಗಿದೀತು. ದಿನಕ್ಕೆ ಐದು ಗಂಟೆ ಹಾಡು ಕೇಳುವ ಮನೆಯಲ್ಲಿ ಒಂದು ಹದಿನೇಳು ವರ್ಷದ ಮಾತು, ಇನ್ನೊಂದು ನಾಲ್ಕೂವರೆ ವರ್ಷವೂ ಇಲ್ಲ. ಮೇಲಿನ ಕಿಂಡಿಗಳೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ: ಡಬ್ಬಿಯ ಮೈಮೇಲೆ ಅಚ್ಚಾದ ಡಿಗ್ರಿಯ ಅಂಕೆ ಎಷ್ಟೋ ಬಾರಿ ಓದಲು ಸಿಗುತ್ತದೆ. ಡಬ್ಬಿಯ ತಲೆ ಉಬ್ಬಿದ್ದರಂತೂ ಆ ಯಂತ್ರ ಬೇಡವೇ ಬೇಡ.

ಬೇಗಂಪೇಟೆಯಲ್ಲಿ ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಎರ್ರಗಡ್ಡ. ಅಲ್ಲಿನ ಭಾನುವಾರದ ಸಂತೆಯಂಥ ಕಡೆ ಹಳೆಯ ಸೆಟ್ ಕೊಳ್ಳುವವರು ಸ್ಪೀಕರ್ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಲೇಬೇಕು. ಫೋಮ್ ಅಂಚು ತೇವಕ್ಕೆ ಹದಿನೈದು ವರ್ಷದೊಳಗೇ ಪುಡಿಯಾಗಬಹುದು. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಎರಡೂ ಬದಿ ಸಮನಾಗಿ ಒತ್ತಿದಾಗ ಒಳಗೆ ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಮಲ್ಟಿಮೀಟರ್ ಜತೆಗಿದ್ದರೆ ಸಂಗೀತವಿಲ್ಲದೆ, ಸ್ಪೀಕರ್ ಕಳಚಿ, ಆಂಪ್ಲಿಫೈಯರ್‌ನ ಸ್ಪೀಕರ್ ತುದಿಗಳಲ್ಲಿ ಡಿಸಿ ಅಳೆಯಿರಿ. ಸಾಮಾನ್ಯ ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ಸುಮ್ಮನೆ ಹಿಂದಿರುಗಿ.

ಅಮೆರಿಕದಿಂದ ನೆಂಟರು ತಂದ ಸೆಟ್‌ಗಳೂ ಈ ಊರಲ್ಲಿ ಸಿಗುತ್ತವೆ. ಹಿಂಬದಿಯ ಫಲಕದಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ, ನಮ್ಮ 230 ವೋಲ್ಟಿಗೆ ನೇರ ಜೋಡಿಸಿದ ಕ್ಷಣವೇ ಅದರ ಕತೆ ಮುಗಿಯಬಹುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಕೂಡಿಸಿಯೇ ಚೌಕಾಶಿ ಮಾಡಬೇಕು.

ಹೊಸದು ಕೊಳ್ಳುವವರಿಗೆ ನನ್ನ ಸಲಹೆ: ತಯಾರಿಕೆಯ ದೋಷಗಳು ಹೆಚ್ಚಾಗಿ ಮೊದಲ ವಾರಗಳಲ್ಲೇ ಹೊರಬೀಳುವುದರಿಂದ, ವಾಪಸ್ ಕೊಡುವ ಅವಧಿಯಲ್ಲೇ ಅದನ್ನು ದಿನವೂ ಗಂಟೆಗಟ್ಟಲೆ ದುಡಿಸಿ. ಎಲ್ಲವೂ ಆ್ಯಪ್ ಮೂಲಕವೇ ನಡೆಯುವ ಪೆಟ್ಟಿಗೆಗಿಂತ, ಗುಂಡಿ ತಿರುಗಿಸಿ ನಡೆಸುವ, ತಳದ ಸ್ಕ್ರೂ ಬಿಚ್ಚಿ ರಿಪೇರಿ ಮಾಡಬಹುದಾದ ಸಾದಾ ಆಂಪ್ಲಿಫೈಯರನ್ನೇ ನಾನು ಆರಿಸುತ್ತೇನೆ. ತಯಾರಕರು ಸಾಫ್ಟ್‌ವೇರ್ ಬೆಂಬಲ ನಿಲ್ಲಿಸಿದರೂ ಅದು ನಡೆಯುತ್ತದೆ, ಕೆಪಾಸಿಟರ್ ಬದಲಿಸಲು ಬಡಾವಣೆಯ ಮೆಕ್ಯಾನಿಕ್ ಸಾಕು.