ಆ ಮೂರಕ್ಷರ ಯಾರದು?

ಮೂರೇ ಅಕ್ಷರ! ಇ, ಡಿ, ಡಬ್ಲ್ಯು. ಹೆಬ್ಬೆರಳ ತುದಿಯಷ್ಟಿರುವ, ನಾಲ್ಕೂ ಮೂಲೆ ಕತ್ತರಿಸಿಹೋಗಿ ಎಂಟು ಬದಿಯಾದ, ಮಾಸಿದ ಕೆನ್ನೇರಳೆ ಬಣ್ಣದ ಒಂದು ಕಾಗದದ ಚೂರು. ಅದರ ಮೇಲೆ ಕಪ್ಪು ಮಸಿಯ ಅಚ್ಚು, ಅಚ್ಚಿನ ಮೇಲೆ ಅಂಚೆಯ ಮೊಹರು, ಎರಡರ ಗೋಜಲಿನಲ್ಲಿ ಯಾರೋ ಲೇಖನಿಯಿಂದ ಹಾಕಿದ ಈ ಇನಿಶಿಯಲ್. ಬರಿಗಣ್ಣಿಗೆ ಅದು ಕೊಳೆಯ ಗೆರೆಯಂತೆ ಕಾಣುತ್ತದೆ. ಆದರೆ ಈ ಚೂರು 2014ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು! ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮೆಜೆಂಟಾ ಅಂಚೆಚೀಟಿ. ಇಡೀ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

ಅಷ್ಟು ಬೆಲೆಯ ವಸ್ತುವಿನ ಮೇಲೆ ಗೀಚಿದವರು ಯಾರು? ಉತ್ತರಕ್ಕೆ 1856ರ ಬ್ರಿಟಿಷ್ ಗಯಾನಾದ ಜಾರ್ಜ್‌ಟೌನಿಗೆ ಹೋಗಬೇಕು. ದಕ್ಷಿಣ ಅಮೆರಿಕದ ಅಂಚಿನ, ಕಬ್ಬಿನ ತೋಟಗಳ ವಸಾಹತು ಅದು. ನಮ್ಮ ದೇಶದ ಕೂಲಿಗಳನ್ನು 1838ರಿಂದಲೇ ಹಡಗು ಹತ್ತಿಸಿ ಕರೆದೊಯ್ದಿದ್ದೂ ಅಲ್ಲಿಗೇ. ಲಂಡನ್ನಿನಿಂದ ಬರಬೇಕಿದ್ದ ಅಂಚೆಚೀಟಿಗಳ ಕಂತೆ ಸಮಯಕ್ಕೆ ಬರಲಿಲ್ಲ. ಕಚೇರಿಯಲ್ಲಿ ದಾಸ್ತಾನು ಮುಗಿಯುತ್ತ ಬಂತು. ಪೋಸ್ಟ್‌ಮಾಸ್ಟರ್ ಇ. ಟಿ. ಇ. ಡಾಲ್ಟನ್ ಊರಲ್ಲೇ ಸರ್ಕಾರಿ ಗೆಜೆಟ್ ಅಚ್ಚು ಹಾಕುತ್ತಿದ್ದ ಬಾಮ್ ಮತ್ತು ಡಲ್ಲಾಸ್ ಮುದ್ರಣಾಲಯಕ್ಕೆ, ಸದ್ಯಕ್ಕೆ ನೀವೇ ಮುದ್ರಿಸಿಕೊಡಿ ಎಂದರು. ಮುದ್ರಣದವರು ಅಚ್ಚುಮೊಳೆ ಜೋಡಿಸಿ, ತಮ್ಮಲ್ಲಿದ್ದ ಪುಟ್ಟ ಹಡಗಿನ ಚಿತ್ರವೊಂದನ್ನು ನಡುವೆ ಕೂರಿಸಿದರು. ಪತ್ರಗಳಿಗೆ ನಾಲ್ಕು ಸೆಂಟ್, ಪತ್ರಿಕೆಗಳಿಗೆ ಒಂದು ಸೆಂಟ್.

ಡಾಲ್ಟನ್‌ಗೆ ಅದು ಹಿಡಿಸಲಿಲ್ಲ. ಇಷ್ಟು ಸರಳವಾದ ಅಚ್ಚನ್ನು ಯಾರು ಬೇಕಾದರೂ ನಕಲು ಮಾಡಿಯಾರು! ಅದಕ್ಕೊಂದು ಉಪಾಯ: ಮಾರುವ ಮುನ್ನ ಪ್ರತಿ ಚೀಟಿಯ ಮೇಲೂ ಅಂಚೆ ಕಚೇರಿಯವರ ರುಜು ಬೀಳಬೇಕು. ಊಹಿಸಿಕೊಳ್ಳಿ, ಹಾಳೆ ಹಾಳೆ ಅಂಚೆಚೀಟಿ, ಒಂದೊಂದರ ಮೇಲೂ ಕೈಬರಹ!

ಕಾಲ ಸರಿಯಿತು. ಆ ಅಕ್ಷರಗಳ ಒಡೆಯರು ಯಾರೆಂಬುದೇ ಸಂಗ್ರಹಕಾರರಿಗೆ ಒಗಟಾಯಿತು. ಬಿಡಿಸುವ ದಾರಿ ಮಾತ್ರ ಎಷ್ಟು ಸೊಗಸಾಗಿದೆ ನೋಡಿ. ಒಂದು ಸೆಂಟಿನದು ಒಂದೇ ಉಳಿದಿದ್ದರೂ, ಅದೇ ವರ್ಷದ ನಾಲ್ಕು ಸೆಂಟಿನ ಚೀಟಿಗಳು ಹಲವು ಉಳಿದಿವೆ. ಅವುಗಳ ಮೇಲಿನ ರುಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಮತ್ತೆ ಅವೇ ಕೆಲವು ಕೈಗಳು ಕಾಣುತ್ತವೆ. ಇ. ಟಿ. ಇ. ಡಿ. ಎಂದರೆ ಸ್ವತಃ ಡಾಲ್ಟನ್. ಸಿ. ಎ. ಡಬ್ಲ್ಯು. ಎಂದರೆ ವಾಟ್ಸನ್. ಇ. ಡಿ. ಡಬ್ಲ್ಯು. ಎಂದರೆ ವೈಟ್ ಎಂಬ ಗುಮಾಸ್ತ! ಅಲ್ಲಿಗೆ ಜಗತ್ತಿನ ಅತಿ ದುಬಾರಿ ಅಂಚೆಚೀಟಿಗೆ ಸಹಿ ಹಾಕಿದವನು ರಾಜನೂ ಅಲ್ಲ, ಗವರ್ನರನೂ ಅಲ್ಲ. ಮೇಜಿನ ಮುಂದೆ ಕುಳಿತು ಹೇಳಿದ ಕೆಲಸ ಮಾಡಿದ ಗುಮಾಸ್ತ. ನನಗೆ ಇದಕ್ಕಿಂತ ರೋಮಾಂಚನದ ಸಂಗತಿ ಅಂಚೆ ಇತಿಹಾಸದಲ್ಲಿ ಇನ್ನೊಂದಿಲ್ಲ.

1873ರಲ್ಲಿ ವರ್ನನ್ ವಾನ್ ಎಂಬ 12 ವರ್ಷದ ಹುಡುಗ ಮನೆಯ ಹಳೆಯ ಕಾಗದಪತ್ರಗಳಲ್ಲಿ ಇದನ್ನು ಕಂಡು, ಕೆಲವೇ ಶಿಲಿಂಗಿಗೆ ಮಾರಿಬಿಟ್ಟ. ಮುಂದೆ ಬೆಲೆ ಏರಿದಂತೆ ಅನುಮಾನವೂ ಏರಿತು: ನಾಲ್ಕು ಸೆಂಟಿನ ಚೀಟಿಯನ್ನೇ ತಿದ್ದಿ ಒಂದು ಮಾಡಿರಬಹುದೇ? 1935ರಲ್ಲಿ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿ ಪರೀಕ್ಷಿಸಿ ಅಸಲಿ ಎಂದಿತು. 2014ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯದ ಪ್ರಯೋಗಾಲಯದಲ್ಲಿ ಇದು ಯಂತ್ರದಡಿ ಕುಳಿತಿತು. ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಮಸಿ ಒಂದೊಂದು ರೀತಿ ವರ್ತಿಸುತ್ತದೆ; ಒಂದರಲ್ಲಿ ಕಾಗದದ ಬಣ್ಣ ಹಿಂದೆ ಸರಿದರೆ, ಇನ್ನೊಂದರಲ್ಲಿ ಮಸಿ ಎದ್ದುಬರುತ್ತದೆ. ಬರಿಗಣ್ಣಿಗೆ ಮಸುಕಾಗಿದ್ದ ಗೆರೆಗಳನ್ನು ಹೀಗೆ ಬೇರೆ ಬೇರೆಯಾಗಿ ಓದಬಹುದು! ಜರ್ಮನಿಯ ಬ್ರೆಮೆನ್‌ನಲ್ಲಿ ಇನ್ನೊಂದು ಚೀಟಿ ಸಿಕ್ಕಿದೆ ಎಂದು 1999ರಲ್ಲಿ ಸುದ್ದಿಯಾಯಿತು. ಲಂಡನ್ನಿನ ಸೊಸೈಟಿ ಎರಡು ಸಲ ಪರೀಕ್ಷಿಸಿ, ಅದು ನಾಲ್ಕು ಸೆಂಟಿನದನ್ನು ತಿದ್ದಿದ್ದು ಎಂದು ಹೇಳಿತು. ನಕಲು ಮಾಡಿಯಾರೆಂಬ ಡಾಲ್ಟನ್ನನ ಭಯ ಸುಳ್ಳಾಗಲಿಲ್ಲ, ಒಂದೂವರೆ ಶತಮಾನ ತಡವಾಯಿತಷ್ಟೇ.

ಇಷ್ಟಕ್ಕೇ ಮುಗಿಯಲಿಲ್ಲ. ಚೀಟಿಯನ್ನು ಮಗುಚಿ! ಹಿಂಬದಿಯಲ್ಲಿ ಇನ್ನೊಂದು ರುಜುಗಳ ಸಂತೆಯೇ ಇದೆ. ಮೂರೆಲೆಯ ಗುರುತು ಯುರೋಪಿನ ಮಹಾ ಸಂಗ್ರಹಕಾರ ಫಿಲಿಪ್ ಫೆರಾರಿಯದು. ಧೂಮಕೇತುವಿನ ಗುರುತು ಎಂಜಿನಿಯರ್ ಫ್ರೆಡರಿಕ್ ಸ್ಮಾಲ್‌ನದು. 1940ರಲ್ಲಿ ಕೊಂಡ ಆತ ತನ್ನ ಹೆಸರನ್ನು ಲೋಕಕ್ಕೆ ತಿಳಿಯಗೊಡದೆ ದಶಕಗಳ ಕಾಲ ಇದನ್ನು ಇಟ್ಟುಕೊಂಡಿದ್ದ. ಹೆಸರು ಮುಚ್ಚಿಟ್ಟವನೂ ಗುರುತು ಹಾಕದೇ ಇರಲಾರದೇ ಹೋದ! ಎಫ್. ಕೆ. ಎಂದರೆ ಆ ಮಾರಾಟಕ್ಕೆ ಮಧ್ಯವರ್ತಿಯಾದ ಫಿನ್‌ಬಾರ್ ಕೆನ್ನಿ. 1970ರಲ್ಲಿ ಪಾಲುದಾರರ ಜೊತೆ ಕೊಂಡ ಇರ್ವಿನ್ ವೈನ್‌ಬರ್ಗ್‌ನ ಐ. ಡಬ್ಲ್ಯು. ಇದೆ. 1980ರಲ್ಲಿ 9,35,000 ಡಾಲರ್ ತೆತ್ತ ಜಾನ್ ಡುಪಾಂಟ್‌ನ ಇನಿಶಿಯಲ್ ಇದೆ. ಮುಂದೆ ಕೊಲೆಗಾರನಾಗಿ ಜೈಲಿನಲ್ಲೇ ಸತ್ತವನು ಅವನು. 2014ರಲ್ಲಿ ಕೊಂಡ ಪಾದರಕ್ಷೆ ವಿನ್ಯಾಸಕಾರ ಸ್ಟುವರ್ಟ್ ವೈಟ್ಸ್‌ಮನ್ ಬಿಡಿಸಿದ್ದು ಏನನ್ನು ಗೊತ್ತೇ? ಎತ್ತರದ ಹಿಮ್ಮಡಿಯ ಒಂದು ಚಪ್ಪಲಿ! ಬೇರೆ ಯಾವ ಅಂಚೆಚೀಟಿಗಾದರೂ ಇಂಥ ಗೀಚು ಬಿದ್ದರೆ ಬೆಲೆ ಕುಸಿಯುತ್ತದೆ; ಇಲ್ಲಿ ಅದೇ ಚರಿತ್ರೆಯಾಗಿದೆ.

2021ರಲ್ಲಿ ಮತ್ತೆ ಹರಾಜಾಗಿ, ಸುಮಾರು 83 ಲಕ್ಷ ಡಾಲರಿಗೆ ಲಂಡನ್ನಿನ ಸ್ಟ್ಯಾನ್ಲಿ ಗಿಬನ್ಸ್ ಸಂಸ್ಥೆ ಇದನ್ನು ಕೊಂಡಿತು. ಅದು ಮಾಡಿದ್ದು ಇನ್ನೂ ಹೊಸದು: ಒಡೆತನವನ್ನು 80,000 ಪಾಲು ಮಾಡಿ ಸಾಮಾನ್ಯ ಜನರಿಗೆ ಮಾರಲು ಇಟ್ಟಿತು. ಈಗ ಹೇಳಿ, ಅಷ್ಟೊಂದು ಒಡೆಯರಲ್ಲಿ ಹಿಂಬದಿಯ ಆ ಅಂಗುಲ ಜಾಗದಲ್ಲಿ ರುಜು ಹಾಕುವವರು ಯಾರು?